ಜಗಳಗಂಟ ಡಾಮಿನೊಗೆ ಬೇರೆ ಮನೆ

ಕಪ್ಪು ಮೈ, ಮೂರು ಬಿಳಿ ಚುಕ್ಕೆ, ಒಂದು ರೂಪಾಯಿ ನಾಣ್ಯದಷ್ಟು ಗಾತ್ರ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನೋಡಿ ಮರುಳಾಗಿ ಡಾಮಿನೊ ಡ್ಯಾಮ್ಸೆಲ್ ಎಂಬ ಕಡಲ ಮೀನನ್ನು ತಂದೆ. ಎರಡು ವರ್ಷದಲ್ಲಿ ಅದು ನಾಲ್ಕು ಬೆರಳಗಲ ಬೆಳೆಯಿತು, ಹಣೆಯ ಚುಕ್ಕೆ ಮಾಸಿತು. ಧಾರವಾಡದ ಸಪ್ತಾಪುರದ ನಮ್ಮ ಮನೆಯ 200 ಲೀಟರ್ ಉಪ್ಪುನೀರಿನ ತೊಟ್ಟಿಯೆಲ್ಲ ತನ್ನದೇ ಎಂದು ಅದು ತೀರ್ಮಾನಿಸಿಯೂ ಬಿಟ್ಟಿತು. ಕ್ರೋಮಿಸ್ ಮೀನುಗಳು ಹರಿದ ಬಾಲದೊಂದಿಗೆ ಹೀಟರಿನ ಹಿಂದೆ ಅವಿತವು. ಅಂಜುಬುರುಕ ಫೈರ್‌ಫಿಶ್ ಒಂದು ರಾತ್ರಿ ಹಾರಿ, ಬೆಳಿಗ್ಗೆ ಟಿ.ವಿ. ಮುಂದೆ ಒಣಗಿ ಬಿದ್ದಿತ್ತು.

ಹೊರಗೆ ಕಳಿಸುವ ಮುನ್ನ ಒಂದು ಪ್ರಯತ್ನ ಮಾಡಿ. ಕಲ್ಲುಗಳನ್ನೆಲ್ಲ ಬೇರೆ ರೀತಿಯಲ್ಲಿ ಜೋಡಿಸಿದರೆ ಗಡಿ ಕಲಸಿಹೋಗಿ ಕೆಲವು ಮೀನುಗಳು ತಣ್ಣಗಾಗುತ್ತವೆ. ನನ್ನದು ನಾಲ್ಕೇ ದಿನ ತಣ್ಣಗಿತ್ತು.

ಯಾರಿಗೆ ಕೊಡಬೇಕು? ದೊಡ್ಡ ತೊಟ್ಟಿ ಇದ್ದು, ಅದರಲ್ಲಿ ಟ್ರಿಗರ್‌ನಂಥ ಗಟ್ಟಿ ಮೀನುಗಳಿರುವವರಿಗೆ. ತೊಟ್ಟಿ ಎಷ್ಟು ಲೀಟರ್, ಒಳಗೆ ಯಾರ್ಯಾರಿದ್ದಾರೆ ಎಂದು ಹೆಣ್ಣು ಕೊಡುವವರಂತೆ ವಿಚಾರಿಸಿ. ಕೈ ಹಾಕಿದರೆ ಕಚ್ಚುತ್ತದೆ ಎಂಬುದನ್ನೂ ಮುಚ್ಚಿಡಬೇಡಿ. ‘ಉಣಕಲ್ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ’ ಎಂದರು ಪಕ್ಕದ ಮನೆಯವರು. ಸಿಹಿನೀರಿನಲ್ಲಿ ಅದು ಸಾಯುತ್ತದೆ. ಕಾರವಾರಕ್ಕೆ ಒಯ್ದು ಸಮುದ್ರಕ್ಕೆ ಬಿಡುವುದೂ ಬೇಡ. ತೊಟ್ಟಿಯ ರೋಗ ಅಲ್ಲಿಯ ಮೀನುಗಳಿಗೆ ಹತ್ತಬಹುದು.

ನಿಜವಾದ ಕೆಲಸ ಹಿಡಿಯುವುದು. ಬಲೆ ಹಿಡಿದು ಅಟ್ಟಿದರೆ ಅದು ಕಲ್ಲಿನ ಸಂದಿಗೆ ನುಗ್ಗಿ, ಅಲ್ಲಿಂದಲೇ ಟಿಕ್ ಟಿಕ್ ಎಂದು ನಿಮಗೇ ಗದರಿಸುತ್ತದೆ. ನಾನು ಎರಡು ಲೀಟರಿನ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದರ ಬಾಯಿಯನ್ನು ಮೀನು ತೂರುವಷ್ಟು ಅಗಲ ಮಾಡಿ, ಆಲಿಕೆಯಂತೆ ಒಳಮುಖವಾಗಿ ಸಿಕ್ಕಿಸಿ, ನೀರು ಆಡಲೆಂದು ಸುತ್ತ ತೂತು ಹಾಕಿದೆ. ಅಂಚಿನ ಚೂಪನ್ನು ಉಜ್ಜಿ ತೆಗೆಯಲು ಮರೆಯಬೇಡಿ. ಒಳಗೆ ಸಿಗಡಿಯ ಚೂರು. ಮೊದಲ ದಿನ ಡಾಮಿನೊ ಬಾಟಲಿಗೆ ಢಿಕ್ಕಿ ಹೊಡೆಯಿತು. ಎರಡನೆಯ ದಿನ ಬಾಯಿಯ ಬಳಿ ನಿಂತು, ಒಂದು ಕಣ್ಣು ಸಿಗಡಿಯ ಮೇಲೆ, ಇನ್ನೊಂದು ನನ್ನ ಮೇಲೆ. ಮೂರನೆಯ ದಿನ ಬೆಳಿಗ್ಗೆ, ಹಿಂದಿನ ರಾತ್ರಿ ಊಟ ಹಾಕದಿದ್ದ ಕಾರಣ, ಹಸಿವು ಗೆದ್ದಿತು.

ಹಿಡಿದ ಮೇಲೆ ಒಂದು ದಿನ ಬೇರೆ ಬಕೆಟ್ಟಿನಲ್ಲಿ, ತೊಟ್ಟಿಯದೇ ನೀರು, ಏರ್ ಪಂಪ್ ಮತ್ತು ಮುಚ್ಚಳದೊಂದಿಗೆ ಉಪವಾಸ ಇಡಿ. ಚೀಲದಲ್ಲಿ ಹೊಲಸು ಕಡಿಮೆಯಾಗುತ್ತದೆ. ಚೀಲಕ್ಕೆ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಬೆನ್ನಿನ ಮುಳ್ಳು ಚುಚ್ಚುವುದರಿಂದ ಎರಡು ಚೀಲ ಬೇಕು. ಔಷಧಿ ಅಂಗಡಿಯಲ್ಲಿ ಕೇಳಿದರೆ ಖಾಲಿ ಥರ್ಮಾಕೋಲ್ ಡಬ್ಬಿ ಕೊಡುತ್ತಾರೆ. ಏಪ್ರಿಲ್ ಬಿಸಿಲಾದ್ದರಿಂದ ನಾನು ಸಂಜೆ ಚಿಗರಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೀನನ್ನು ಸಾಕಲು ಒಪ್ಪಿದ್ದವರ ಹುಬ್ಬಳ್ಳಿಯ ಮನೆಗೆ ಹೋದೆ.

ಹೊಸ ತೊಟ್ಟಿಯ ನೀರಿನ ಸಾಂದ್ರತೆಯನ್ನು (ಸಿಹಿನೀರಿಗೆ 1, ಉಪ್ಪು ಹೆಚ್ಚಿದಷ್ಟೂ ಹೆಚ್ಚು) ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ನನ್ನದು 1.025, ಅವರದು 1.021. ದಾರಿ ಚಿಕ್ಕದಾದ್ದರಿಂದ, ಗಂಟು ಹಾಕಿದ ಕೊಳವೆಯಿಂದ ಅವರ ತೊಟ್ಟಿಯ ನೀರನ್ನು ಚೀಲದ ನೀರಿಗೆ ತೊಟ್ಟು ತೊಟ್ಟಾಗಿ ಒಂದು ಗಂಟೆ ಸೇರಿಸಿದೆವು. ಬೆಂಗಳೂರಿನಷ್ಟು ದೂರ ಕಳಿಸುವುದಾದರೆ ಹೀಗೆ ಮಾಡಬೇಡಿ. ಹತ್ತು ಗಂಟೆ ಕಟ್ಟಿಟ್ಟ ಚೀಲ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿ.ಎಚ್. ಏರಿ, ಅಲ್ಲಿಯವರೆಗೆ ಸಾಧುವಾಗಿದ್ದ ಅಮೋನಿಯಾ ವಿಷವಾಗುತ್ತದೆ. ಅಂಥಲ್ಲಿ ಎರಡೂ ಕಡೆಯ ಉಪ್ಪನ್ನು ಮುಂಚೆಯೇ ಹೊಂದಿಸಿ, ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಮೀನನ್ನು ನೇರವಾಗಿ ಬಿಡಬೇಕು. ಹೊಸ ತೊಟ್ಟಿಯ ದೀಪವನ್ನು ಸಂಜೆಯೇ ಆರಿಸಿದರೆ ಹಳೆಯ ನಿವಾಸಿಗಳೂ ಸುಮ್ಮನಿರುತ್ತವೆ.

ಚೀಲದ ನೀರನ್ನು ಹೊಸ ತೊಟ್ಟಿಗೆ ಸುರಿಯಬಾರದು. ಗಿಡದ ಬುಡಕ್ಕೂ ಬೇಡ, ಬಚ್ಚಲಿಗೆ ಚೆಲ್ಲಿ. ಅವರ ಮನೆಯ ಕರಿಬೇವಿನ ಗಿಡಕ್ಕೆ ನಾನು ಹಾಕಲು ಹೊರಟಿದ್ದೆ. ಅವರ ತಾಯಿ ಕೈ ಹಿಡಿದು ನಿಲ್ಲಿಸಿದರು.