ಬೆಳಗಾವಿಯ ಚಳಿಗಾಲ, ಗೀಸರಿನ ಲೆಕ್ಕ

ಬೆಳಗಾವಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಕೌದಿ ಸರಿಸಿ ಏಳಲು ಮನಸ್ಸಾಗದಷ್ಟು ಚಳಿಯಿದ್ದರೂ, ಹನ್ನೊಂದರ ಹೊತ್ತಿಗೆ ಅಂಗಳದ ಬಿಸಿಲು ಚುರುಗುಟ್ಟತೊಡಗುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಚಳಿಗಾಲದ ಕರೆಂಟು ಬಹುಪಾಲು ಖರ್ಚಾಗುವುದು ಸ್ನಾನದ ನೀರಿಗೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕಾಗುವುದರಿಂದ, ನಾನು ಮೊದಲು ಗಮನ ಹರಿಸಿದ್ದು ಬಚ್ಚಲ ಮನೆಯ ಗೀಸರಿನ ಕಡೆಗೆ.

ನಮ್ಮದು 25 ಲೀಟರಿನ, 2,000 ವ್ಯಾಟಿನ ಗೀಸರು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಈ ಲೆಕ್ಕದಂತೆ 20 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಹೆಚ್ಚುಕಡಿಮೆ 1.2 ಯೂನಿಟ್ ಬೇಕಾದರೆ, 50ಕ್ಕೆ ಏರಿಸಲು 0.9 ಯೂನಿಟ್ ಸಾಕು. ಮೈಗೆ ಬೇಕಾದದ್ದು 40 ಡಿಗ್ರಿಯ ಆಸುಪಾಸಿನ ನೀರು. ಕುದಿಯುವಂತೆ ಕಾಯಿಸಿ ಮತ್ತೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲವೆಂದು ಥರ್ಮೋಸ್ಟಾಟನ್ನು 50ಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಇಳಿಸಲಿಲ್ಲ, ಏಕೆಂದರೆ ಉಗುರುಬೆಚ್ಚಗಿನ ನೀರು ಟ್ಯಾಂಕಿನಲ್ಲಿ ನಿಂತರೆ ರೋಗಾಣುಗಳು ಬೆಳೆಯಲು ಅನುಕೂಲವಾಗುತ್ತದೆ.

ಇದಕ್ಕಿಂತ ದೊಡ್ಡ ಸೋರಿಕೆ ಬೇರೊಂದಿತ್ತು. ಸ್ವಿಚ್ಚನ್ನು ಹಾಕಿಯೇ ಬಿಟ್ಟರೆ, ಯಾರೂ ನಲ್ಲಿ ಮುಟ್ಟದಿದ್ದರೂ ಗೀಸರಿನ ಕೆಂಪು ದೀಪ ಆಗಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನಿಂದ ಹೊರಹೋದ ಶಾಖವನ್ನು ತುಂಬಿಕೊಳ್ಳುವ ಕೆಲಸವದು. ಆದ್ದರಿಂದ ಈಗ ಮೊದಲನೆಯವರು ಸ್ನಾನಕ್ಕೆ ಇಳಿಯುವ ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕಿ, ಒಬ್ಬರ ಬೆನ್ನಿಗೆ ಒಬ್ಬರು ಬಕೆಟ್ಟಿನಲ್ಲೇ ಸ್ನಾನ ಮುಗಿಸಿ, ಕೊನೆಯವರು ಹೊರಬರುವ ಮೊದಲೇ ಆರಿಸುತ್ತೇವೆ. ಗೀಸರಿನಿಂದ ನಲ್ಲಿಯವರೆಗಿನ ಪೈಪಿಗೆ ಕಪ್ಪು ಫೋಮಿನ ಹೊದಿಕೆ ಸುತ್ತಿಸಿದ್ದರಿಂದ, ಒಬ್ಬರ ಸ್ನಾನಕ್ಕೂ ಇನ್ನೊಬ್ಬರದಕ್ಕೂ ನಡುವೆ ಪೈಪಿನಲ್ಲಿ ನಿಂತ ನೀರು ಬೇಗ ಆರುವುದಿಲ್ಲ. ನಮ್ಮದು ಬೋರ್‌ವೆಲ್ ನೀರು. ಮೆಕ್ಯಾನಿಕ್ ಬಿಚ್ಚಿದಾಗ ಕಾಯಿಲಿನ ಮೈಮೇಲೆ ಕಟ್ಟಿದ್ದ ಸುಣ್ಣ ಮೊಟ್ಟೆಯ ಸಿಪ್ಪೆಯಂತೆ ಚೂರುಚೂರಾಗಿ ಉದುರಿತು. ಅದನ್ನು ತೆಗೆಸುವುದು ಉಳಿತಾಯಕ್ಕಿಂತಲೂ ಕಾಯಿಲ್ ಸುಟ್ಟುಹೋಗದಂತೆ ಕಾಪಾಡಲು ಅಗತ್ಯ. ಗೀಸರಿಗಿಂತ ಬಕೆಟ್ಟಿನ ನೀರಿಗೆ ಇಳಿಬಿಡುವ ರಾಡ್ ಅಗ್ಗವೆನ್ನುವವರಿದ್ದಾರೆ. ಲೀಟರಿಗೆ ತಗಲುವ ಕರೆಂಟು ಅದರಲ್ಲೂ ಅಷ್ಟೇ. ಮೇಲಾಗಿ ಮಕ್ಕಳಿರುವ ಮನೆಯಲ್ಲಿ ಶಾಕಿನ ಭಯ.

ಕೋಣೆಯ ಹೀಟರನ್ನು ನಾವು ಕೊಳ್ಳಲೇ ಇಲ್ಲ: 2,000 ವ್ಯಾಟಿನದು ಬಿಡದೆ ನಾಲ್ಕು ಗಂಟೆ ಉರಿದರೆ ಎಂಟು ಯೂನಿಟ್ ಹೋಗುತ್ತದೆ, ಮತ್ತು ಹೆಂಚಿನ ಮನೆಯಲ್ಲಿ ಆ ಬಿಸಿ ಸಂದುಗಳಿಂದ ನೇರವಾಗಿ ಆಕಾಶ ಸೇರುತ್ತದೆ. ಅದರ ಬದಲು ಮಧ್ಯಾಹ್ನದ ಬಿಸಿಲು ಒಳಬರುವಂತೆ ಕಿಟಕಿ ತೆರೆದಿಟ್ಟು ಸಂಜೆ ಐದಕ್ಕೆಲ್ಲ ಮುಚ್ಚುತ್ತೇವೆ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಚಾದರ ಸುರುಳಿ ಮಾಡಿ ಇಡುತ್ತೇವೆ. ಶಹಾಬಾದ್ ಕಲ್ಲಿನ ನೆಲ ರಾತ್ರಿಯಿಡೀ ಮೈಯ ಬಿಸಿಯನ್ನು ಹೀರುವುದರಿಂದ, ನೆಲದ ಮೇಲೆ ಮಲಗುವವರು ಚಾಪೆಯ ಮೇಲೊಂದು ದಪ್ಪ ಕೌದಿ ಹಾಸಿಕೊಳ್ಳುವುದು ಹೊದೆಯುವಷ್ಟೇ ಮುಖ್ಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಡುವ ಪದ್ಧತಿಯನ್ನು ಮಾತ್ರ ಯಾರೂ ಅನುಸರಿಸಬಾರದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಫ್ರಿಜ್ಜಿನ ಗುಂಡಿಯನ್ನು ಚಳಿಗಾಲದ ಗುರುತಿಗೆ ತಿರುಗಿಸಿದ್ದೇವೆ. ಅವ್ವನಿಗೆ ದಿನವಿಡೀ ಕುಡಿಯಲು ಬಿಸಿನೀರು ಬೇಕು. ಬೆಳಿಗ್ಗೆ ರೊಟ್ಟಿಯ ಹಿಟ್ಟಿಗೆಂದು ಎಸರು ಇಡುವಾಗಲೇ ಎರಡು ತಂಬಿಗೆ ಹೆಚ್ಚು ನೀರು ಕಾಯಿಸಿ ಫ್ಲಾಸ್ಕಿಗೆ ತುಂಬಿಡುವುದರಿಂದ ಗ್ಯಾಸನ್ನು ಮತ್ತೆ ಮತ್ತೆ ಹೊತ್ತಿಸುವುದು ತಪ್ಪಿದೆ.