ಬ್ಯಾಂಕಾಕ್‌ನ ಸಭೆಗೆ ಐದು ದಿನದ ಕೆಲಸಕ್ಕೆ ಹೋಗುವವರಿಗೆ

ಹೋದ ತಿಂಗಳು ಅಕ್ಕನ ಮಗಳ ಗೆಳತಿ ಫೋನ್ ಮಾಡಿದ್ದಳು. ಹಾಸನದ ಹುಡುಗಿ, ಮದುವೆಯಾಗಿ ಈಗ ಬ್ಯಾಂಕಾಕ್‌ನಲ್ಲೇ ಇದ್ದಾಳೆ. "ಆಂಟಿ, ವಿಶ್ವಸಂಸ್ಥೆ ಸಭೆಗೆ ಐದು ದಿನಕ್ಕೆ ಕರೆದಿದ್ದಾರೆ. ಹಾಲ್ ಒಳಗೆ ಸಹಾಯಕರ ಕೆಲಸವಂತೆ. ಅಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳ್ತಿಲ್ಲ" ಅಂದಳು. ನಾನು ಆ ಕೆಲಸ ಆರು ಸಲ ಮಾಡಿದ್ದೇನೆ. ಮೊದಲ ಸಲ ನನಗೂ ಯಾರೂ ಹೇಳಿರಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ವಿಶ್ವಸಂಸ್ಥೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. ಅರ್ಜಿಗೂ ಇಲ್ಲ, ಇಂಟರ್‌ವ್ಯೂಗೂ ಇಲ್ಲ, ತರಬೇತಿಗೂ ಇಲ್ಲ. "ಇಷ್ಟು ಕಟ್ಟಿದರೆ ಸೀಟು ಗ್ಯಾರಂಟಿ" ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ವೀಸಾ, ಕೆಲಸದ ಅನುಮತಿ ವಿಷಯವನ್ನು ನಿಮ್ಮನ್ನು ಕರೆದ ಕಚೇರಿಯವರ ಹತ್ತಿರವೇ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪಕ್ಕದ ಮನೆಯವರ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಸಭೆ ಯಾವುದು ಅನ್ನುವುದು. ಅದು ಎಸ್ಕ್ಯಾಪ್‌ನ ಸಭೆ. ಬ್ಯಾಂಕಾಕ್‌ನ ರಾಜದಮ್ನೋನ್ ನೋಕ್ ರಸ್ತೆಯಲ್ಲಿರುವ ಎಸ್ಕ್ಯಾಪ್ ಅಂದರೆ ಏಷ್ಯಾ ಮತ್ತು ಪೆಸಿಫಿಕ್ ದೇಶಗಳಿಗಾಗಿ ಇರುವ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಆಯೋಗ. ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ್ದ ದೇಶಗಳು ಮತ್ತೆ ಎದ್ದು ನಿಲ್ಲಲಿ ಅಂತ 1947ರಲ್ಲಿ ಶಾಂಘೈನಲ್ಲಿ ಇದು ಶುರುವಾಯಿತು. 1949ರಲ್ಲಿ ಬ್ಯಾಂಕಾಕ್‌ಗೆ ಬಂತು. ಇದರ ಮೂರನೇ ಅಧಿವೇಶನ ನಡೆದದ್ದು ಎಲ್ಲಿ ಗೊತ್ತಾ? ನಮ್ಮ ಗುಂಡ್ಲುಪೇಟೆ ದಾಟಿ ಘಾಟ್ ಹತ್ತಿದರೆ ಸಿಗುವ ಊಟಿಯಲ್ಲಿ, 1948ರ ಜೂನ್‌ನಲ್ಲಿ. ಈಗ 53 ಸದಸ್ಯರು, 9 ಸಹ ಸದಸ್ಯರು ಇದ್ದಾರೆ. ಕೋವಿಡ್ ಬಂದ ಮೇಲೆ ಮತ್ತೆ ಅದೇ ಹಳೇ ಮಾತು ಮೇಲೆ ಬಂತು: ಬಿದ್ದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸುವುದು ಹೇಗೆ. 2021ರ ಅಧಿವೇಶನದ ವಿಷಯವೇ ಅದು. ಸಾಲ, ವ್ಯಾಪಾರ, ಪ್ರವಾಸೋದ್ಯಮ ಇವೆಲ್ಲ ಅಲ್ಲಿ ಮಾತಿಗೆ ಬರುತ್ತವೆ. ಇದನ್ನು ತಿಳಿದುಕೊಂಡು ಹೋಗಿ. ಕೈಯಲ್ಲಿರುವ ಕಾಗದ ಯಾವುದರ ಬಗ್ಗೆ ಅಂತ ಗೊತ್ತಿದ್ದವರ ಕೈ ತಪ್ಪುವುದು ಕಡಿಮೆ.

ಹಿಂದಿನ ದಿನವೇ ಹಾಲ್‌ಗೆ ಹೋಗಿ. ದೇಶಗಳ ನೇಮ್‌ಪ್ಲೇಟ್ ಜೋಡಿಸುವುದು ಸುಲಭ ಅನ್ನಿಸುತ್ತದೆ, ಆದರೆ ಜಾಸ್ತಿ ಎಡವುವುದು ಅಲ್ಲೇ. ಸಾಲು ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ. ದಕ್ಷಿಣ ಕೊರಿಯಾವನ್ನು 'ಎಸ್' ಅಕ್ಷರದಲ್ಲಿ ಹುಡುಕಬೇಡಿ, ಅದು 'ರಿಪಬ್ಲಿಕ್ ಆಫ್ ಕೊರಿಯಾ', 'ಆರ್' ಅಕ್ಷರದಲ್ಲಿರುತ್ತದೆ. ಉತ್ತರ ಕೊರಿಯಾ 'ಡಿ' ಅಕ್ಷರದಲ್ಲಿ. ಲಾವೋಸ್ ಅಂತ ಬರೆಯುವುದಿಲ್ಲ, 'ಲಾವೋ ಪೀಪಲ್ಸ್ ಡೆಮಾಕ್ರಟಿಕ್ ರಿಪಬ್ಲಿಕ್'. ಟರ್ಕಿ 2022ರಿಂದ 'ತುರ್ಕಿಯೆ'. 'ವಿಯೆಟ್ ನಾಮ್' ಎರಡು ಪದ. 'ಹಾಂಗ್‌ಕಾಂಗ್, ಚೀನಾ' ಅನ್ನುವಲ್ಲಿ ಆ ಅಲ್ಪವಿರಾಮ ಇರಲೇಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಒಂದು ದೇಶಕ್ಕೆ ನೋವಾಗುತ್ತದೆ, ಸಭೆ ಅಲ್ಲೇ ನಿಲ್ಲಬಹುದು. ಭಾರತ ಜಾರ್ಜಿಯಾ ಮತ್ತು ಇಂಡೊನೇಷ್ಯಾ ನಡುವೆ. ಅದನ್ನು ನೋಡಿದಾಗ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಆದರೆ ಅಲ್ಲಿ ಐದು ದಿನ ನೀವು ಯಾವ ದೇಶದವರೂ ಅಲ್ಲ.

ಜೋಡಿಸಿದ ಮೇಲೆ ಎರಡು ಸಲ ಓದಿ. ಒಮ್ಮೆ ಮುಂದಿನಿಂದ ಹಿಂದಕ್ಕೆ, ಇನ್ನೊಮ್ಮೆ ಹಿಂದಿನಿಂದ ಮುಂದಕ್ಕೆ. ಹಿಂದಿನಿಂದ ಓದಿದಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಮಾತಾಡಬೇಕು ಅನ್ನುವವರು ಈ ಪ್ಲೇಟನ್ನು ಎತ್ತಿ ನಿಲ್ಲಿಸುತ್ತಾರೆ. ಪ್ಲೇಟ್ ಜೊತೆ ಕೈಯಿಂದ 'ಟಿ' ಆಕಾರ ಮಾಡಿದರೆ ಸಭೆ ನಡೆಸುವ ನಿಯಮದ ಬಗ್ಗೆ ಪ್ರಶ್ನೆ ಎತ್ತುತ್ತಿದ್ದಾರೆ ಅಂತ ಅರ್ಥ. ಅದು ಕಂಡ ತಕ್ಷಣ ವೇದಿಕೆ ಪಕ್ಕದಲ್ಲಿರುವ ಕಾರ್ಯದರ್ಶಿಗೆ ತಿಳಿಸಬೇಕು.

ಈಗ ಮುಖ್ಯ ಕೆಲಸಕ್ಕೆ ಬರೋಣ. ಕಾಗದ.

ದಾಖಲೆಗಳು ಈಗ ಹೆಚ್ಚಾಗಿ ವೆಬ್‌ಸೈಟ್‌ನಲ್ಲೇ ಸಿಗುತ್ತವೆ. ಆದರೂ ಕೊನೆ ಗಳಿಗೆಯ ಕರಡು ಕೈಗೆ ಬೇಕೇ ಬೇಕು ಅನ್ನುವವರು ಇರುತ್ತಾರೆ. ಪ್ರತಿ ದಾಖಲೆಯ ಮೇಲೆ ಬಲ ಮೂಲೆಯಲ್ಲಿ ಒಂದು ಸಂಕೇತ ಇರುತ್ತದೆ. ಅದರ ಬಾಲವನ್ನು ಓದಲು ಕಲಿಯಿರಿ. 'ಎಲ್' ಅಂದರೆ ಇನ್ನೂ ಒಪ್ಪಿಗೆಯಾಗದ ಕರಡು. 'ರೆವ್.1' ಅಂದರೆ ತಿದ್ದಿ ಹೊಸದಾಗಿ ಬಂದದ್ದು, ಹಳೆಯದನ್ನು ಎತ್ತಿಡಿ. 'ಕಾರ್' ಅಂದರೆ ತಪ್ಪೋಲೆ, ಹಳೆಯದರ ಜೊತೆಯಲ್ಲೇ ಇರಬೇಕು. 'ಆಡ್' ಅಂದರೆ ಸೇರ್ಪಡೆ. ಹೊಸ ರೆವ್ ಬಂದ ಕ್ಷಣವೇ ಹಳೇ ಕಟ್ಟನ್ನು ಮೇಜಿನಿಂದ ತೆಗೆದು ಕೆಳಗಿಡಿ. "ಆಮೇಲೆ ತೆಗೆದರಾಯ್ತು" ಅನ್ನಬೇಡಿ.

ನಾನು ಒಮ್ಮೆ ಹಾಗೆ ಅಂದೆ. ರಾತ್ರಿ ಎಂಟು ಗಂಟೆ, ಚಿಕ್ಕ ಕೋಣೆಯಲ್ಲಿ ಕರಡಿನ ಚರ್ಚೆ ನಡೆದಿತ್ತು. ಎರಡೂ ಕಟ್ಟು ಒಂದೇ ಮೇಜಿನ ಮೇಲಿದ್ದವು. ಅರ್ಧ ಸಾಲಿಗೆ ಹಳೆಯದನ್ನೇ ಹಂಚಿಬಿಟ್ಟೆ. ಒಂದು ಸಣ್ಣ ದ್ವೀಪ ದೇಶದಿಂದ ಒಬ್ಬರೇ ಬಂದಿದ್ದರು. ಅವರು ಹಿಂದಿನ ದಿನ ಪಟ್ಟುಹಿಡಿದು ಸೇರಿಸಿದ್ದ ಸಾಲು ನಾನು ಕೊಟ್ಟ ಕಾಗದದಲ್ಲಿ ಇರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ತನಗೆ ಗೊತ್ತಿಲ್ಲದಂತೆ ತೆಗೆದುಹಾಕಿದರು ಅಂದುಕೊಂಡರು ಪಾಪ. ನಾನು ಓಡಿಹೋಗಿ ಸರಿಯಾದ ಪ್ರತಿ ತಂದುಕೊಟ್ಟು ಕ್ಷಮೆ ಕೇಳಿದೆ. ಅವರು ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ನೀರು ಕುಡಿದರು. ಆ ಬೆರಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಂಚುವ ರೀತಿಯನ್ನು ನಾನು ಕಲಿತಿದ್ದು ನಮ್ಮ ಮನೆಯ ಮದುವೆ ಊಟದಲ್ಲಿ. ಸಾರಿನ ಬಕೆಟ್ ಹಿಡಿದವರು ಪಂಕ್ತಿಯ ಒಂದು ತುದಿಯಿಂದ ಹೊರಟರೆ ಕೊನೆ ಎಲೆಗೆ ಬರುವಷ್ಟರಲ್ಲಿ ಬಕೆಟ್ ತಳ ಕಾಣುತ್ತದೆ. ಅದಕ್ಕೇ ತಾತ ಕೊನೆ ಎಲೆಯ ಹತ್ತಿರವೇ ನಿಲ್ಲುತ್ತಿದ್ದರು. "ಎರಡನೇ ಸಲ ಈ ಕಡೆಯಿಂದ ಶುರು ಮಾಡ್ರಪ್ಪ" ಅನ್ನುತ್ತಿದ್ದರು. ಹಾಲ್‌ನಲ್ಲೂ ಅಷ್ಟೇ. 'ಎ' ಅಕ್ಷರದಿಂದ ಹಂಚುತ್ತಾ ಹೋದರೆ ಟುವಾಲು, ವನುವಾಟು ಹತ್ತಿರ ಬರುವಾಗ ಪ್ರತಿ ಮುಗಿದಿರುತ್ತದೆ, ಅಥವಾ ಚರ್ಚೆ ಎರಡನೇ ಪುಟ ದಾಟಿರುತ್ತದೆ. ಹಾಗಾಗಿ ಇಬ್ಬರಿದ್ದರೆ ಎರಡೂ ತುದಿಯಿಂದ ಹೊರಡಿ. ಒಬ್ಬರೇ ಆದರೆ ಒಂದು ಸಲ ಆ ಕಡೆಯಿಂದ, ಮುಂದಿನ ಸಲ ಈ ಕಡೆಯಿಂದ. ಟುವಾಲುವಿನ ಜನಸಂಖ್ಯೆ ಸುಮಾರು 10 ಸಾವಿರ, ನಮ್ಮ ಕಡೆಯ ಒಂದು ಹೋಬಳಿಗಿಂತ ಕಡಿಮೆ. ಪಟ್ಟಿಯಲ್ಲಿ ಅದರ ಪಕ್ಕದ ಹೆಸರು ಯುನೈಟೆಡ್ ಕಿಂಗ್‌ಡಮ್. ಇಬ್ಬರಿಗೂ ಒಂದೇ ಅಳತೆಯ ಪ್ಲೇಟ್, ಒಂದೇ ಮೈಕ್. ಕಾಗದವೂ ಒಂದೇ ಹೊತ್ತಿಗೆ ಸಿಗುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಅಲ್ವಾ?

ಒಬ್ಬರೇ ಬಂದ ದೇಶಗಳ ಕಡೆ ಜಾಸ್ತಿ ಗಮನ ಇರಲಿ ಅಂತ ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ದೊಡ್ಡ ದೇಶದಿಂದ ಹತ್ತು ಜನ ಬಂದಿರುತ್ತಾರೆ. ಎರಡು ಕೋಣೆಯಲ್ಲಿ ಒಟ್ಟಿಗೆ ಸಭೆ ನಡೆದರೆ ಎರಡೂ ಕಡೆ ಕೂರುತ್ತಾರೆ. ಒಬ್ಬರೇ ಬಂದವರು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಅವರ ಕುರ್ಚಿ ಖಾಲಿ. 2020ರಲ್ಲಿ ಗಡಿ ಮುಚ್ಚಿದಾಗ ಮಾಲ್ಡೀವ್ಸ್, ಫಿಜಿಯಂಥ ದೇಶಗಳಿಗೆ ಪ್ರವಾಸಿಗರೇ ನಿಂತುಹೋದರು, ಅದರ ಮೇಲೇ ಬದುಕಿದ್ದ ಮನೆಗಳು ಬರಿದಾದವು. ಚೇತರಿಕೆಯ ಮಾತು ಯಾರಿಗೆ ಹೆಚ್ಚು ಬೇಕೋ, ಎಷ್ಟೋ ಸಲ ಅವರ ಕಡೆಯಿಂದಲೇ ಕಡಿಮೆ ಜನ ಬಂದಿರುತ್ತಾರೆ. ಹೀಗಾಗಿ ಕೋಣೆ ಬದಲಾದರೆ, ಹೊತ್ತು ಬದಲಾದರೆ ಬಾಗಿಲ ಮೇಲೆ ಚೀಟಿ ಅಂಟಿಸಿ ಸುಮ್ನೆ ಇರಬೇಡಿ. ಅವರ ಕುರ್ಚಿ ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಹೇಳಿ ಬನ್ನಿ. ಎಲ್ಲರಿಗೂ ಹೇಳಬೇಕು, ಅವರಿಗೆ ಮೊದಲು ಹೇಳಿ.

ಕರಡಿನಲ್ಲಿ ಚೌಕ ಕಂಸ ಕಾಣುತ್ತದೆ. ಅದರೊಳಗಿನ ಪದಕ್ಕೆ ಎಲ್ಲರೂ ಇನ್ನೂ ಒಪ್ಪಿಲ್ಲ ಅಂತ ಅರ್ಥ. ಟೈಪ್ ಮಾಡುವ ಕೆಲಸ ನಿಮ್ಮ ಪಾಲಿಗೆ ಬಂದರೆ ಒಂದು ಕಂಸವನ್ನೂ ಕಳೆಯಬೇಡಿ. ವ್ಯಾಕರಣ ತಪ್ಪು ಕಂಡರೂ ಕೈ ಹಾಕಬೇಡಿ. ಆ ವಕ್ರ ವಾಕ್ಯಕ್ಕೆ ಮೂರು ಗಂಟೆ ಜಗಳವಾಗಿರಬಹುದು.

ಗಾಜಿನ ಬೂತ್‌ಗಳಲ್ಲಿ ದುಭಾಷಿಗಳು ಕೂತಿರುತ್ತಾರೆ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಚೀನೀ, ಹೀಗೆ ನಾಲ್ಕು ಭಾಷೆ. ಸಾಮಾನ್ಯವಾಗಿ ಒಂದು ಬೂತ್‌ನಲ್ಲಿ ಇಬ್ಬರು, ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಾಯಿಸುತ್ತಾರೆ. ಬರೆದು ತಂದ ಭಾಷಣವನ್ನು ಕೆಲವರು ಓಡಿಸಿಕೊಂಡು ಓದುತ್ತಾರೆ. ಪ್ರತಿ ಮುಂಚೆ ಸಿಗದಿದ್ದರೆ ಬೂತ್‌ನಲ್ಲಿರುವವರ ಗತಿ ಕಷ್ಟ. ಆದ್ದರಿಂದ ಬೆಳಿಗ್ಗೆಯೇ ಮಾತಾಡುವವರ ಪಟ್ಟಿ ಹಿಡಿದು, "ನಿಮ್ಮ ಭಾಷಣದ ಪ್ರತಿ ಕೊಡುತ್ತೀರಾ?" ಅಂತ ಕೇಳಿ ತಂದು ಬೂತ್‌ಗಳಿಗೆ ಮುಟ್ಟಿಸಿ. ಭಾಷಣ ಮಾಡುವವರು ಓದಿ ಮುಗಿಸುವ ತನಕ ಆ ಪ್ರತಿ ಬೇರೆ ಯಾರ ಕೈಗೂ ಹೋಗಬಾರದು. ಪತ್ರಕರ್ತರು ಎಷ್ಟೇ ನಯವಾಗಿ ಕೇಳಿದರೂ.

ಉಳಿದದ್ದು ಸಣ್ಣಪುಟ್ಟದ್ದು. ಸದ್ದಾಗದ, ಸವೆದ ಚಪ್ಪಟೆ ಶೂ ಹಾಕಿ. ಹೊರಗೆ ಬ್ಯಾಂಕಾಕ್ ಬಿಸಿಲು, ಒಳಗೆ ಏಸಿ ಚಳಿ, ಒಂದು ಸ್ವೆಟರ್ ಇರಲಿ. ಬ್ಯಾಡ್ಜ್ ಕೊರಳಲ್ಲೇ ಇರಲಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಯಾವ ದೇಶ ಏನು ಅಂದಿತು ಅಂತ ಕಾಫಿ ಹೊತ್ತಲ್ಲೂ ಮಾತಾಡಬೇಡಿ, ಲಿಫ್ಟ್‌ನಲ್ಲಂತೂ ಬೇಡವೇ ಬೇಡ. ದಿನಾ ಹಾಜರಿಗೆ ಸಹಿ ಮಾಡಿದಿರಾ ನೋಡಿಕೊಳ್ಳಿ, ಸಂಬಳ ಅದರ ಮೇಲೆ ನಿಂತಿರುತ್ತದೆ.

ಕೊನೆ ದಿನ ವರದಿ ಒಪ್ಪಿಗೆಯಾಗಿ ಎಲ್ಲರೂ ಕೈಕುಲುಕುತ್ತಿರುವಾಗ ನಮ್ಮ ಕೆಲಸ ಇನ್ನೂ ಒಂದೂವರೆ ಗಂಟೆ ಇರುತ್ತದೆ. ಇಯರ್‌ಪೀಸ್ ಎಣಿಸಿ. ಮೇಜಿನ ಮೇಲೆ ಬಿಟ್ಟುಹೋದ ಕರಡುಗಳನ್ನು, ಅದರಲ್ಲೂ ಕೈಯಲ್ಲಿ ಏನಾದರೂ ಬರೆದಿರುವುದನ್ನು, ಓದದೆ ಒಟ್ಟುಮಾಡಿ ಕತ್ತರಿಸುವ ಯಂತ್ರಕ್ಕೆ ಕೊಡಿ. ಚಾರ್ಜರ್, ಕನ್ನಡಕ ಸಿಕ್ಕರೆ ಯಾವ ದೇಶದ ಕುರ್ಚಿ ಅಂತ ಚೀಟಿ ಬರೆದು ಅಂಟಿಸಿಡಿ. ನೇಮ್‌ಪ್ಲೇಟ್‌ಗಳನ್ನು ಅಕ್ಷರಮಾಲೆ ಪ್ರಕಾರವೇ ಪೆಟ್ಟಿಗೆಗೆ ತುಂಬಿ, ಮುರಿದದ್ದು ಇದ್ದರೆ ಮೇಲೆ ಬೇರೆಯಾಗಿ ಇಡಿ. ಮುಂದಿನ ಸಲ ಆ ಪೆಟ್ಟಿಗೆ ತೆಗೆಯುವವಳು ಬೇರೆ ಹುಡುಗಿ ಆಗಿರುತ್ತಾಳೆ, ಅವಳಿಗೂ ಅದು ಮೊದಲ ದಿನ ಇರಬಹುದು.