ಬುಡ ಕೊಳೆತ ಬಾಗಿಲುವಾಡ: ಕೀಳುವ ಮೊದಲು ಎಪಾಕ್ಸಿ ತುಂಬಿ ನೋಡಿ

ಮೈಸೂರಿನ ಅಗ್ರಹಾರ, ಲಕ್ಷ್ಮೀಪುರಂ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲುವಾಡ ಕೆಡುವುದು ಸಾಮಾನ್ಯವಾಗಿ ಬುಡದಿಂದ. ದಿನವೂ ಹೊಸಿಲು ತೊಳೆದ ನೀರು ವಾಡದ ಕಾಲಿನ ಅಡಿಗೆ ಇಳಿಯುತ್ತದೆ. ಮರದ ಕೊಯ್ದ ತುದಿ ಅದನ್ನು ಹೀರಿಕೊಳ್ಳುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಮರ ಮೆತ್ತಗಾಗಿರುತ್ತದೆ. ಗೇಣುದ್ದ ಕೊಳೆತಿದೆಯೆಂದು ಇಡೀ ತೇಗದ ವಾಡವನ್ನು ಕಿತ್ತುಹಾಕುವುದು ಅನ್ಯಾಯ. ಅಂಥ ಮಾಗಿದ ಮರ ಈಗ ಸುಲಭಕ್ಕೆ ಸಿಗುವುದಿಲ್ಲ. ಕೊಳೆತಷ್ಟನ್ನು ಕೆತ್ತಿ, ಆ ಗುಂಡಿಗೆ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ ವಾಡವನ್ನು ಉಳಿಸಿಕೊಳ್ಳಬಹುದು.

ಸ್ಕ್ರೂಡ್ರೈವರ್ ತುದಿಯಿಂದ ಬುಡವನ್ನು ಚುಚ್ಚುತ್ತ ಹೋಗಿ. ಸಲೀಸಾಗಿ ಇಳಿದಲ್ಲೆಲ್ಲ ಮರ ಸತ್ತಿದೆ ಎಂದರ್ಥ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ನೀರು ಚಿಮುಕಿಸಿ, ಮಾಸ್ಕ್ ಧರಿಸಿ ಕೆರೆಯಿರಿ. ಆಮೇಲೆ ಉಳಿ ಹಿಡಿದು ಗಟ್ಟಿ ಮರ ಸಿಗುವವರೆಗೂ ಕೆತ್ತಿ. ಇಲ್ಲಿ ಕೈ ಹಿಡಿತ ಮಾಡಬಾರದು: ಪುಡಿಯಾಗುವ ಮರವನ್ನು ಉಳಿಸಿ ಮೇಲೆ ತುಂಬಿದರೆ ತುಂಬಿದ್ದು ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಗೆದ್ದಲಿನ ಮಣ್ಣು ಕಂಡರೆ ಮೊದಲು ಅದಕ್ಕೆ ಔಷಧಿ ಹಾಕಿಸಿ.

ಇನ್ನು ಒಣಗಿಸುವುದು. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಒಳಗೆ ಸಿಕ್ಕಿಕೊಂಡ ತೇವ ಕೊಳೆತವನ್ನು ಮುಂದುವರಿಸುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮರ ಒಣಗುವವರೆಗೆ ಹೊಸಿಲನ್ನು ತೊಳೆಯದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ, ರಂಗೋಲಿ ಇಡಿ.

ಕೈಗವಸು ಹಾಕಿಕೊಂಡು, ಎಪಾಕ್ಸಿ ರೆಸಿನ್ ಮತ್ತು ಹಾರ್ಡನರ್‌ಗಳನ್ನು ಡಬ್ಬಿಯ ಮೇಲಿರುವ ಅಳತೆಯಲ್ಲೇ ಬೆರೆಸಿ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಎರಡೂ ಸೇರಿ ರಾಸಾಯನಿಕ ಕ್ರಿಯೆ ನಡೆದೇ ಅದು ಗಟ್ಟಿಯಾಗಬೇಕು, ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಬಟ್ಟಲಲ್ಲಿ ಗುಡ್ಡೆ ಹಾಕಿದ ಮಿಶ್ರಣ ತನ್ನದೇ ಕಾವಿಗೆ ಕೈಯಲ್ಲೇ ಸೆಟೆದುಕೊಳ್ಳುತ್ತದೆ. ಹಳೆಯ ಟೈಲ್ಸ್ ತುಂಡಿನ ಮೇಲೆ ಸ್ವಲ್ಪಸ್ವಲ್ಪವೇ ಕಲಸಿ, ತೆಳುವಾಗಿ ಹರಡಿಕೊಂಡರೆ ಸಮಯ ಸಿಗುತ್ತದೆ.

ಮೊದಲು ತೆಳು ಎಪಾಕ್ಸಿಯನ್ನು ಬ್ರಷ್‌ನಿಂದ ಗುಂಡಿಯ ಒಳಮೈಗೆಲ್ಲ ಕುಡಿಸಿ. ಅದು ಇನ್ನೂ ಅಂಟುತ್ತಿರುವಾಗಲೇ, ಜರಡಿ ಹಿಡಿದ ಒಣ ಮರದ ಹೊಟ್ಟು ಬೆರೆಸಿ ಚಪಾತಿ ಹಿಟ್ಟಿನ ಹದಕ್ಕೆ ತಂದ ಮಿಶ್ರಣವನ್ನು ಮೂಲೆಮೂಲೆಗೂ ಒತ್ತಿ ತುಂಬಿ. ಗುಂಡಿ ಆಳವಿದ್ದರೆ ಎರಡು ಮೂರು ಪದರಗಳಲ್ಲಿ ತುಂಬಿ, ಕೊನೆಯದು ಮರದ ಮಟ್ಟಕ್ಕಿಂತ ಒಂದೆರಡು ಮಿಲಿಮೀಟರ್ ಮೇಲಿರಲಿ. ಕಾರಿಗೆ ಮೆತ್ತುವ ಪಾಲಿಯೆಸ್ಟರ್ ಪುಟ್ಟಿ ಅಗ್ಗವೆಂದು ಅದನ್ನು ಬಳಸಬೇಡಿ. ಹವೆಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುವಾಗ ಅದು ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

ಮಾರನೆಯ ದಿನ ಅರದಿಂದ ಉಜ್ಜಿ, 80, 120, 220 ನಂಬರಿನ ಉಪ್ಪುಕಾಗದದಿಂದ ಅದೇ ಕ್ರಮದಲ್ಲಿ ನಯಗೊಳಿಸಿ. ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಪುಡಿ ಬಿಡುವುದರಿಂದ ಪ್ರೈಮರ್, ಬಣ್ಣ ಹಚ್ಚಲೇಬೇಕು.

ಭಾರ ಹೊರುವ ತೊಲೆ, ಕಂಬಗಳು ಕೊಳೆತಿದ್ದರೆ ಬಡಗಿಯನ್ನೇ ಕರೆಸಿ. ಬೀಟೆ ಮರದ ಕುಂದಣ ಕೆಲಸವಿರುವ (ಬೇರೆ ಬಣ್ಣದ ಚೂರುಗಳನ್ನು ಮರದೊಳಗೆ ಕೂರಿಸಿದ) ಬಾಗಿಲನ್ನೂ ಆ ಕೆಲಸ ಬಲ್ಲ ಕುಶಲಕರ್ಮಿಗಳಿಗೇ ಬಿಡಿ. ಬಣ್ಣ ಒಣಗಿದ ಮೇಲೆ ಹೊಸಿಲಿನ ಮೇಲೊಂದು ಚೊಂಬು ನೀರು ಸುರಿದು ನೋಡಿ. ವಾಡದ ಬುಡದಲ್ಲಿ ನೀರು ನಿಂತರೆ ನೆಲದ ಇಳಿಜಾರನ್ನು ಹೊರಕ್ಕೆ ತಿರುಗಿಸುವ ಕೆಲಸ ಬಾಕಿ ಇದೆ.